ಗ್ರಾಫಿನಲ್ಲಿ ಕಾಣೆಯಾದ ಹತ್ತು ನಿಮಿಷ

2023ರ ಮಳೆಗಾಲದ ಕೊನೆಯಲ್ಲಿ ನಾನು ರಾಣೆಬೆನ್ನೂರಿನ ಒಂದು ಸಣ್ಣ ಕಂಪನಿಯಲ್ಲಿ ಹಿರಿಯ ಸಿಸ್ಟಮ್ ಎಂಜಿನಿಯರ್ ಆಗಿದ್ದೆ. ಮನೆ ಹಾವೇರಿಯಲ್ಲಿ. ಸುತ್ತಲಿನ ಬೀಜದ ಕಂಪನಿಗಳು, ಹತ್ತಿ ಮಿಲ್ಲುಗಳು, ಬ್ಯಾಡಗಿಯ ಕೋಲ್ಡ್ ಸ್ಟೋರೇಜುಗಳು, ಇವರೆಲ್ಲರ ಸರ್ವರ್‌ಗಳ ಆರೋಗ್ಯ ನೋಡಿಕೊಳ್ಳುವುದು ನಮ್ಮ ಕೆಲಸ. ಪ್ರೊಸೆಸರ್ ಎಷ್ಟು ದುಡಿಯುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಡಿಸ್ಕ್ ಎಲ್ಲಿ ತಡವರಿಸುತ್ತಿದೆ ಎಂದು ದಿನವಿಡೀ ಅಳೆದು ಗ್ರಾಫ್ ಬರೆಯುವ ಸಾಫ್ಟ್‌ವೇರ್‌ಗಳಿವೆ. ಉಳಿದವರು ಧಾರಾವಾಹಿ ನೋಡುವ ಆಸೆಯಲ್ಲಿ ನಾನು ಆ ಗ್ರಾಫ್ ನೋಡುತ್ತೇನೆ. "ಆ ಗೆರಿ ಏನ್ ನಿನಗ ಊಟಕ್ಕ ಹಾಕ್ತಾವೇನು?" ಎಂದು ನಮ್ಮ ಮನೆಯವರು ಕಾಡಿಸುತ್ತಾರೆ. ಹಾಕುತ್ತವೆ, ನನ್ನ ಸಂಬಳ ಬರುವುದೇ ಅದರಿಂದ.

ಕಥೆಗೆ ಬೇಕಾದಷ್ಟು ತಾಂತ್ರಿಕ ವಿಷಯ ಮೊದಲೇ ಹೇಳಿಬಿಡುತ್ತೇನೆ. ಈಗ ಒಂದೊಂದು ಕೆಲಸಕ್ಕೆ ಒಂದೊಂದು ಕಂಪ್ಯೂಟರ್ ಕೊಳ್ಳುವುದಿಲ್ಲ. ಹೋಸ್ಟ್ ಎಂಬ ಒಂದೇ ದೊಡ್ಡ ಸರ್ವರ್ ತಂದು, ಅದರೊಳಗೆ ನಾಲ್ಕಾರು ವರ್ಚುವಲ್ ಮಷಿನ್ ಮಾಡುತ್ತಾರೆ. ದೊಡ್ಡ ಮನೆಯೊಂದನ್ನು ಪಾಲು ಮಾಡಿ ಬಾಡಿಗೆಗೆ ಕೊಟ್ಟಂತೆ. ಪ್ರತಿ ಬಾಡಿಗೆದಾರನಿಗೂ ತನ್ನದೇ ಬಾಗಿಲು, ತನ್ನದೇ ಅಡಿಗೆಮನೆ. ಆದರೆ ಛಾವಣಿಯೂ ನೀರಿನ ಟಾಕಿಯೂ ಒಂದೇ. ಹಾಗಾಗಿ ವರ್ಚುವಲ್ ಮಷಿನ್‌ನ ಗ್ರಾಫ್ ಬೇರೆ, ಹೋಸ್ಟಿನ ಗ್ರಾಫ್ ಬೇರೆ. ಎರಡನ್ನೂ ನೋಡಬೇಕು. ನೋಡುವವರು ಕಡಿಮೆ.

ಆ ದಿನಗಳಲ್ಲಿ ಬ್ಯಾಡಗಿಯ ಒಂದು ಖಾಸಗಿ ಕೋಲ್ಡ್ ಸ್ಟೋರೇಜಿನಿಂದ ಮ್ಯಾನೇಜರ್ ಶಿವಲಿಂಗಪ್ಪನವರ ಫೋನ್ ಬಂತು. ಅವರು ತಮ್ಮಲ್ಲಿ ರೈತರು ಇಟ್ಟ ಮೆಣಸಿನಕಾಯಿಯನ್ನು ವಾರಕ್ಕೊಮ್ಮೆ, ಗುರುವಾರ, ಆನ್‌ಲೈನ್ ಟೆಂಡರ್ ಮೂಲಕ ಮಾರಿಸುತ್ತಿದ್ದರು. ವ್ಯಾಪಾರಸ್ಥರು ಮುಂಜಾನೆ ಬಂದು ಕಡ್ಡಿ, ಡಬ್ಬಿ ತಳಿಗಳ ಎಲ್ಲ ಲಾಟುಗಳಿಂದ ಕಾಯಿ ಮುರಿದು, ಮೂಸಿ ನೋಡಿ, ಮಧ್ಯಾಹ್ನ ಎರಡರೊಳಗೆ ಮೊಬೈಲಿನಲ್ಲಿ ದರ ಹಾಕಬೇಕು. ಎರಡಕ್ಕೆ ಸರಿಯಾಗಿ ಸಿಸ್ಟಮ್ ತಾನೇ ಟೆಂಡರ್ ಮುಚ್ಚುತ್ತಿತ್ತು.

"ಮೇಡಮ್ಮಾರ, ಲಗೂ ಬರ್ರಿ. ನಮ್ಮ ಹುಡುಗಿ ಟೆಂಡರ್ ಮಷಿನ್ ಬಂದ್ ಮಾಡಿ ಆಟ ಆಡ್ಯಾಳ. ನೀವು ಒಂದು ರಿಪೋರ್ಟ್ ಬರದು ಕೊಡ್ರಿ, ಪೊಲೀಸರಿಗೆ ಕೊಡಬೇಕು" ಎಂದರು ಶಿವಲಿಂಗಪ್ಪ.

ಹುಡುಗಿ ಎಂದರೆ ನಸ್ರೀನ್. ಗುತ್ತಲದವಳು, ದಿನಾ ಬಸ್ಸಿನಲ್ಲಿ ಓಡಾಡಿ ಅಲ್ಲಿನ ಸಿಸ್ಟಮ್ ನೋಡಿಕೊಳ್ಳುತ್ತಿದ್ದಳು. ಅಲ್ಲಿಯ ಹೋಸ್ಟ್ ಸರ್ವರ್ ಕೂರಿಸುವಾಗ ನನ್ನ ಜೊತೆ ಕೆಲಸ ಮಾಡಿದ್ದಳು. ಕೇಬಲ್ಲಿಗೆ ಕೂಡ ಹೆಸರಿನ ಚೀಟಿ ಅಂಟಿಸುವ ಹುಡುಗಿ. ಅವಳ ಮೇಲೆ ಪೊಲೀಸ್ ಕಂಪ್ಲೇಂಟ್ ಎಂದಾಗ ನನಗೆ ಮೈಯೆಲ್ಲ ಉರಿಯಿತು. ಬುಧವಾರ ಬೆಳಿಗ್ಗೆಯೇ ಹಾವೇರಿಯಿಂದ ಮೋಟೆಬೆನ್ನೂರು ಮೇಲೆ ಹಾಯ್ದು ಬ್ಯಾಡಗಿಗೆ ಹೋದೆ.

ಶಿವಲಿಂಗಪ್ಪ ಚಹಾ ತರಿಸಿ ಸಂಗತಿ ಹೇಳಿದರು. ಹಿಂದಿನ ಎರಡು ಗುರುವಾರವೂ ವ್ಯಾಪಾರಸ್ಥರು ದೊಡ್ಡ ಗದ್ದಲ ಮಾಡಿದ್ದರು. ಎರಡು ಗಂಟೆ ಆಗುವ ಮೊದಲೇ ಟೆಂಡರ್ ಮುಚ್ಚಿದೆ ಎಂದು ಅವರ ದೂರು. ಬ್ಯಾಡಗಿಯ ವ್ಯಾಪಾರಸ್ಥರ ರೀತಿ ಬಲ್ಲವರಿಗೆ ಇದರ ಬಿಸಿ ತಿಳಿಯುತ್ತದೆ. ಅವರು ದರವನ್ನು ಕೊನೆಯ ಐದು ಹತ್ತು ನಿಮಿಷದ ತನಕ ಹೊರಗೆ ಬಿಡುವುದಿಲ್ಲ. ಮೊದಲೇ ಹಾಕಿದರೆ ಪಕ್ಕದವನಿಗೆ ಸುಳಿವು ಸಿಕ್ಕೀತು ಎಂಬ ಅಂಜಿಕೆ. ಆ ಕೊನೆಯ ನಿಮಿಷಗಳೇ ಇಲ್ಲವಾದರೆ ಟೆಂಡರೇ ನಡೆದಿಲ್ಲ ಎಂದು ಲೆಕ್ಕ. ಈರಣ್ಣ ಎಂಬ ವ್ಯಾಪಾರಸ್ಥರೊಬ್ಬರು ಮಾತ್ರ ಮುಂಜಾನೆಯೇ ದರ ಹಾಕಿ ಊಟಕ್ಕೆ ಹೋಗುವವರು. ಎರಡೂ ವಾರ ಒಳ್ಳೊಳ್ಳೆಯ ಲಾಟುಗಳು ಅವರಿಗೇ ಅಗ್ಗದಲ್ಲಿ ಹೋದವು. ರೈತರು ತಲೆ ಮೇಲೆ ಕೈ ಹೊತ್ತು ಕುಳಿತರು. ಈರಣ್ಣನವರೂ ಗುತ್ತಲದವರೇ ಆಗಿದ್ದು ನಸ್ರೀನ್‌ಳ ದುರದೃಷ್ಟ.

"ಒಂದ ಊರಾವ್ರು. ಇನ್ನೇನ್ ಹೇಳೂದೈತ್ರಿ?" ಎಂದರು ಶಿವಲಿಂಗಪ್ಪ. ಆಮೇಲೆ ತಮ್ಮ ದೊಡ್ಡ ಸಾಕ್ಷಿ ತೆಗೆದರು. ಟೆಂಡರ್ ನಡೆಸುವ ವರ್ಚುವಲ್ ಮಷಿನ್‌ನ ಪ್ರೊಸೆಸರ್ ಗ್ರಾಫಿನ ಪ್ರಿಂಟ್. ಮುಂಜಾನೆಯಿಂದ ಏರಿಳಿಯುತ್ತ ಬಂದ ಗೆರೆ, ಎರಡು ಗಂಟೆಗೆ ಕಾಲು ಗಂಟೆ ಇರುವಾಗ ತಟ್ಟನೆ ನಿಂತಿತ್ತು. ನಂತರ ಹತ್ತು ನಿಮಿಷ ಖಾಲಿ. ಆಮೇಲೆ ಮತ್ತೆ ಗೆರೆ. ಎರಡೂ ಗುರುವಾರ ಅದೇ ಜಾಗದಲ್ಲಿ ಅದೇ ಖಾಲಿ.

"ಹತ್ತು ನಿಮಿಷ ಬಂದ್ ಮಾಡ್ಯಾಳ ನೋಡ್ರಿ. ಮಂದಿ ಮುಂದ ಕೇಳಿದ್ರ ನನಗ ಗೊತ್ತಿಲ್ಲ ಅಂತಾಳ."

ನಸ್ರೀನ್ ಸರ್ವರ್ ಕೋಣೆಯ ಹೊರಗೆ ಒಂದು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕುಳಿತಿದ್ದಳು. ಪಾಸ್‌ವರ್ಡ್ ಬದಲಿಸಿ ಅವಳನ್ನು ಹೊರಗಿಟ್ಟಿದ್ದರು. ನನ್ನನ್ನು ಕಂಡು ಎದ್ದು ನಿಂತಳು. "ಅಕ್ಕಾ, ನಾ ಏನೂ ಬಂದ್ ಮಾಡಿಲ್ಲ. ಇಲ್ಲಿ ನೂರು ಮಂದಿ ಮುಂದ ಕಳ್ಳಿ ಅಂದ್ರು. ಅದು ಗುತ್ತಲಕ್ಕೂ ಮುಟ್ಟೇತಿ. ನಮ್ಮ ಅಬ್ಬಾ ಅಂಗಡಿ ತಗಿವಲ್ರು" ಎಂದಳು. ಅವಳ ತಂದೆಗೆ ಗುತ್ತಲದ ಬಸ್ ನಿಲ್ದಾಣದ ಬಳಿ ಚಪ್ಪಲಿ ಅಂಗಡಿ ಇತ್ತು, ಮಾನಕ್ಕೆ ಅಂಜಿ ಅದರ ಬಾಗಿಲು ತೆರೆಯುತ್ತಿರಲಿಲ್ಲ.

"ಕುಂದ್ರು, ಮೊದಲು ನೋಡೂಣು" ಎಂದೆ. ಧೈರ್ಯ ಹೇಳಿದೆನೇ ಹೊರತು ಆ ಖಾಲಿ ಜಾಗ ನೋಡಿ ನನಗೂ ಅನುಮಾನ ಹುಟ್ಟಿತ್ತು.

ಒಳಗೆ ಹೋಗಿ ಹೋಸ್ಟಿನ ಗ್ರಾಫ್ ತೆರೆದೆ. ಲೆಕ್ಕ ಸರಳ. ಹೋಸ್ಟಿನ ಮೆಮೊರಿಯಲ್ಲಿ ಪ್ರತಿ ವರ್ಚುವಲ್ ಮಷಿನ್‌ಗೂ ಇಂತಿಷ್ಟು ಪಾಲು. ಒಂದನ್ನು ಬಂದ್ ಮಾಡಿದರೆ ಅದರ ಪಾಲು ಬಿಡುಗಡೆಯಾಗಿ ಗೆರೆ ಧೊಪ್ಪನೆ ಕೆಳಗೆ ಬೀಳಲೇಬೇಕು. ಮುಚ್ಚಿಡಲು ಬರುವುದಿಲ್ಲ. ನಾನು ಎರಡೂ ಗುರುವಾರದ ಗೆರೆಯನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎಲ್ಲಿಯೂ ಬಿದ್ದಿರಲಿಲ್ಲ. ಟೆಂಡರ್ ಮಷಿನ್ ಒಂದು ನಿಮಿಷವೂ ಬಂದ್ ಆಗಿರಲಿಲ್ಲ.

ನಸ್ರೀನ್‌ಳನ್ನು ಒಳಗೆ ಕರೆದೆ. ಶಿವಲಿಂಗಪ್ಪ ಮುಖ ಗಂಟಿಕ್ಕಿದರು, ನಾನು ಲೆಕ್ಕಿಸಲಿಲ್ಲ. ಮಷಿನ್ ನಡೆಯುತ್ತಲೇ ಇತ್ತು ಎಂದಾದರೆ ಹತ್ತು ನಿಮಿಷದ ಗೆರೆ ಎಲ್ಲಿ ಹೋಯಿತು? ಎರಡು ಗ್ರಾಫುಗಳನ್ನು ಒಂದರ ಕೆಳಗೊಂದು ಇಟ್ಟೆವು. ಆಗ ಇನ್ನೊಂದು ವಿಚಿತ್ರ ಕಂಡಿತು. ವರ್ಚುವಲ್ ಮಷಿನ್‌ನಲ್ಲಿ ಹನ್ನೊಂದಕ್ಕೆ ಎದ್ದ ಗೆರೆ ಹೋಸ್ಟಿನಲ್ಲಿ ಹನ್ನೊಂದು ಹತ್ತಕ್ಕೆ ಏಳುತ್ತಿತ್ತು. ಹನ್ನೆರಡಕ್ಕೆ ಎದ್ದದ್ದು ಹನ್ನೆರಡು ಹತ್ತಕ್ಕೆ. ಒಲೆ ಹತ್ತಿದ ಹತ್ತು ನಿಮಿಷಕ್ಕೆ ಹೊಗೆ ಬರುವುದುಂಟೇ? ಎದ್ದು ಹೋಗಿ ಹೋಸ್ಟಿನ ಗಡಿಯಾರ ನೋಡಿದೆ, ನನ್ನ ಮೊಬೈಲ್ ನೋಡಿದೆ. ಹೋಸ್ಟ್ ಸರಿಯಾಗಿ ಹತ್ತು ನಿಮಿಷ ಮುಂದಿತ್ತು.

"ಇದಕ್ಕ ಟೈಮ್ ಯಾರು ಹಾಕಿದ್ರಿ?" ಎಂದು ಕೂಗಿದೆ.

ಶಿವಲಿಂಗಪ್ಪ ಎದೆಯುಬ್ಬಿಸಿ ಬಂದರು. "ನಾನ ಹಾಕಿಸೀನ್ರಿ. ಹೋದ ತಿಂಗಳ ಯುಪಿಎಸ್ ಬ್ಯಾಟರಿ ಬದಲಿ ಮಾಡೂಮುಂದ ಸರ್ವರ್ ಬಂದ್ ಮಾಡಿದ್ವಿ. ಮತ್ತ ಚಾಲೂ ಮಾಡಿದ್ರ ಅದರ ಟೈಮ್ ಹೋಗಿತ್ತು. ಆ ರಿಪೇರಿ ಮನಷ್ಯಾ ಈಗ ಟೈಮ್ ಎಷ್ಟಾತು ಅಂದ, ಗ್ವಾಡಿ ಗಡಿಯಾರ ನೋಡಿ ಹೇಳಿದೆ."

"ಗ್ವಾಡಿ ಗಡಿಯಾರ ಸರಿ ಐತೇನ್ರಿ?"

"ಸರೀನ ಐತ್ರಿ. ಹತ್ತು ನಿಮಿಷ ಮುಂದ ಇಟ್ಟೇವಿ, ಹಮಾಲರು ಹೊತ್ತಿಗೆ ಸರಿಯಾಗಿ ಬರ್ಲಿ ಅಂತ."

ನಮ್ಮ ಕಡೆ ಅಂಗಡಿ, ಆಫೀಸು, ಮನೆ, ಎಲ್ಲಿ ಹೋದರೂ ಗೋಡೆಯ ಗಡಿಯಾರ ಐದೋ ಹತ್ತೋ ನಿಮಿಷ ಮುಂದಿರುತ್ತದೆ. ಎಲ್ಲರಿಗೂ ಗೊತ್ತಿರುವುದರಿಂದ ಎಲ್ಲರೂ ಮನಸ್ಸಿನಲ್ಲೇ ಕಳೆದುಕೊಳ್ಳುತ್ತಾರೆ. ಸರ್ವರ್‌ಗೆ ಕಳೆಯಲು ಯಾರೂ ಹೇಳಿರಲಿಲ್ಲ. ನನಗೆ ನಗು ಒತ್ತರಿಸಿ ಬಂತು, ಆದರೆ ಕೆಲಸ ಇನ್ನೂ ಮುಗಿದಿರಲಿಲ್ಲ. ಟೆಂಡರ್ ಮಷಿನ್ ಇಂಟರ್‌ನೆಟ್ಟಿನಿಂದ ತಾನೇ ಸರಿಯಾದ ಸಮಯ ಪಡೆಯುತ್ತಿತ್ತು. ನೋಡಿದರೆ ಅದರ ಗಡಿಯಾರ ನನ್ನ ಮೊಬೈಲಿಗೆ ಸರಿಹೊಂದುತ್ತಿತ್ತು.

"ಹೋಸ್ಟಿಂದು ತಪ್ಪಿದ್ರ ಟೆಂಡರ್‌ದ್ದು ಸರಿ ಐತೆಲ್ರಿ?" ಎಂದರು ಶಿವಲಿಂಗಪ್ಪ. ಪ್ರಶ್ನೆ ನ್ಯಾಯವಾದದ್ದೇ.

"ನಸ್ರೀನ್, ಎರಡಕ್ಕ ಕಾಲು ತಾಸು ಇದ್ದಾಗ ಏನರ ಮಾಡ್ತೀ ಏನು?" ಎಂದು ಕೇಳಿದೆ.

"ಏನಿಲ್ಲಕ್ಕಾ. ಸ್ನ್ಯಾಪ್‌ಶಾಟ್ ತಗೀತೇನಿ. ಬ್ಯಾಟರಿ ಕೆಟ್ಟ ಮ್ಯಾಲೆ ಸಾಹೇಬ್ರ ಹೇಳ್ಯಾರ, ಟೆಂಡರ್ ಮುಚ್ಚೂ ಮೊದಲ ಒಂದು ಕಾಪಿ ಇರ್ಲಿ ಅಂತ."

ಅವಳು ಹೇಳಿ ಮುಗಿಸುವುದಕ್ಕೂ ನಾನು ಮೇಜು ಗುದ್ದುವುದಕ್ಕೂ ಸರಿಹೋಯಿತು. ಸ್ನ್ಯಾಪ್‌ಶಾಟ್ ಎಂದರೆ ವರ್ಚುವಲ್ ಮಷಿನ್ ಆ ಗಳಿಗೆಯಲ್ಲಿ ಹೇಗಿದೆಯೋ ಹಾಗೇ ಹಿಡಿದಿಡುವ ಪ್ರತಿ. ಅದನ್ನು ತೆಗೆಯುವಾಗ ಮಷಿನ್ ಕ್ಷಣಹೊತ್ತು ಕಣ್ಣು ಮುಚ್ಚುತ್ತದೆ. ಕಣ್ಣು ಬಿಟ್ಟೊಡನೆ, ತಾನು ಎಷ್ಟು ಹೊತ್ತು ಮಲಗಿದ್ದೆನೋ ತಿಳಿಯದೆ, ಈಗೆಷ್ಟು ಗಂಟೆ ಎಂದು ಹೋಸ್ಟನ್ನು ಕೇಳುತ್ತದೆ. ಹೋಸ್ಟ್ ಹೇಳುವುದು ಗೋಡೆ ಗಡಿಯಾರದ ಸಮಯ! ಟೆಂಡರ್ ಮಷಿನ್ ಒಂದೇ ಏಟಿಗೆ ಹತ್ತು ನಿಮಿಷ ಮುಂದಕ್ಕೆ ಜಿಗಿದು, ಎರಡಕ್ಕೆ ಇನ್ನೂ ಹತ್ತು ನಿಮಿಷ ಇರುವಾಗಲೇ ಎರಡಾಯಿತೆಂದು ಟೆಂಡರ್ ಮುಚ್ಚುತ್ತಿತ್ತು. ಗ್ರಾಫಿನ ಖಾಲಿ ಜಾಗ ಮಷಿನ್ ನಿಂತದ್ದಲ್ಲ, ಅದು ಹಾರಿ ಬಿಟ್ಟ ಹೊತ್ತು. ಆಮೇಲೆ ಇಂಟರ್‌ನೆಟ್ಟಿನ ಸಮಯ ನೋಡಿಕೊಂಡು ನಿಧಾನವಾಗಿ ತನ್ನನ್ನು ತಾನೇ ತಿದ್ದಿಕೊಳ್ಳುತ್ತಿತ್ತು. ಗದ್ದಲ ತಣ್ಣಗಾಗಿ ಯಾರಾದರೂ ಬಂದು ನೋಡುವ ಹೊತ್ತಿಗೆ ಗಡಿಯಾರ ಸರಿಯಾಗಿರುತ್ತಿತ್ತು. ಎಂಥ ಬೆರಕಿ ದೋಷ, ಸಿಕ್ಕಿಬೀಳದ ಕಳ್ಳನಂತೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಅಷ್ಟು ಕುಣಿದಾಡಿದ ದಿನ ಇನ್ನೊಂದಿಲ್ಲ.

ಪರೀಕ್ಷೆಗೆಂದು ಇಟ್ಟಿದ್ದ ಬೇರೊಂದು ವರ್ಚುವಲ್ ಮಷಿನ್ ಮೇಲೆ ಸ್ನ್ಯಾಪ್‌ಶಾಟ್ ತೆಗೆದು ನೋಡಿದೆವು. ಜಿಗಿಯಿತು. ನಸ್ರೀನ್ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಕಣ್ಣು ತುಂಬಿ ಬಂದಿತ್ತು.

ಶಿವಲಿಂಗಪ್ಪ ಅವಸರದಿಂದ ನನ್ನ ಕಡೆ ತಿರುಗಿದರು. "ಆತ್ರಿ ಮೇಡಮ್ಮಾರ, ಸರಿ ಮಾಡಿಬಿಡ್ರಿ. ಕಂಪ್ಲೇಂಟ್ ಬ್ಯಾಡ. ಮುಗೀತಲ್ಲ" ಎಂದರು.

"ಮುಗಿದಿಲ್ರಿ" ಎಂದಳು ನಸ್ರೀನ್. ಅಷ್ಟು ಹೊತ್ತೂ ಮೆತ್ತಗಿದ್ದ ದನಿ ಗಟ್ಟಿಯಾಗಿತ್ತು. "ನಾಳೆ ಟೆಂಡರ್‌ಕ್ಕ ಎಲ್ಲಾರೂ ಬರ್ತಾರ. ಅವರ ಮುಂದ ತೋರ್ಸ್ರಿ. ನನ್ನ ಕಳ್ಳಿ ಅಂದಿದ್ದು ಅವರ ಮುಂದನ." ನಾನೂ ಅದನ್ನೇ ಹಿಡಿದೆ. ಎಲ್ಲರ ಮುಂದೆ ತೋರಿಸದ ಹೊರತು ಹೋಸ್ಟಿನ ಗಡಿಯಾರ ಮುಟ್ಟುವುದಿಲ್ಲ ಎಂದು ಹಟ ಮಾಡಿದೆ. ಅವರು ಒಪ್ಪಲೇಬೇಕಾಯಿತು.

ಗುರುವಾರ ಮುಂಜಾನೆ ವ್ಯಾಪಾರಸ್ಥರು, ರೈತರು, ಹಮಾಲರು ಸೇರಿ ಹಾಲ್ ತುಂಬಿತ್ತು. ಮೆಣಸಿನಕಾಯಿ ಘಾಟಿಗೆ ನಾನು ಮಾತಾಡಿದ್ದಕ್ಕಿಂತ ಸೀನಿದ್ದೇ ಹೆಚ್ಚು. ದರ ತೋರಿಸುವ ದೊಡ್ಡ ಟಿವಿಯ ಮೇಲೆ ಟೆಂಡರ್ ಮಷಿನ್‌ನ ಗಡಿಯಾರ ಹಾಕಿದೆ. ಎಲ್ಲರೂ ಮೊಬೈಲ್ ತೆಗೆದು ಸಮಯ ಹೊಂದಿಸಿ ನೋಡಿ ಎಂದೆ. ಸರಿ ಐತಿ ಎಂದರು. ನಸ್ರೀನ್‌ಳನ್ನು ಹಾಲಿನ ಆ ಕೊನೆಗೆ, ಬಾಗಿಲ ಹತ್ತಿರ ನಿಲ್ಲಿಸಿದೆ. ಆಮೇಲೆ ಶಿವಲಿಂಗಪ್ಪನವರನ್ನೇ ಕಂಪ್ಯೂಟರ್ ಮುಂದೆ ಕೂರಿಸಿ, ಸ್ನ್ಯಾಪ್‌ಶಾಟ್ ಗುಂಡಿ ಒತ್ತಲು ಹೇಳಿದೆ.

ಒತ್ತಿದರು. ಟಿವಿಯ ಗಡಿಯಾರ ಒಂದು ಕ್ಷಣ ನಿಂತಿತು, ಮತ್ತೆ ಹತ್ತು ನಿಮಿಷ ಮುಂದಿನ ಹೊತ್ತು ತೋರಿಸುತ್ತ ಓಡತೊಡಗಿತು. ನೂರು ಜನ ತಮ್ಮ ಮೊಬೈಲನ್ನೂ ಟಿವಿಯನ್ನೂ ನೋಡಿದರು. ಕೊನೆಗೆ ಈರಣ್ಣನವರೇ ಬಾಯಿಬಿಟ್ಟರು: "ಹುಡುಗಿ ಅಲ್ಲಿ ನಿಂತೈತಿ. ಗುಂಡಿ ಒತ್ತಿದವ್ರು ನೀವು. ಇನ್ನರ ತಿಳೀತಿಲ್ಲೋ ಮ್ಯಾನೇಜರ್‌ಸಾಹೇಬ್ರ?"

ನಾನು ಹೋಸ್ಟಿಗೆ ಇಂಟರ್‌ನೆಟ್ಟಿನ ಸರಿಯಾದ ಸಮಯ ಜೋಡಿಸಿ, ಟೆಂಡರ್ ಮಷಿನ್‌ನ ಸಮಯವನ್ನೂ ಸರಿಪಡಿಸಿ, ಇನ್ನೊಮ್ಮೆ ಒತ್ತಿಸಿದೆ. ಗಡಿಯಾರ ಜಿಗಿಯಲಿಲ್ಲ. ಟೆಂಡರ್ ಶುರುವಾಯಿತು. ಎರಡಕ್ಕೆ ಹತ್ತು ನಿಮಿಷ ಇರುವಾಗ ದರಗಳು ಮಳೆಯಂತೆ ಸುರಿದವು. ನಾನು ಎರಡು ಗ್ರಾಫನ್ನೂ ತೆರೆದು ಕುಳಿತಿದ್ದೆ. ವರ್ಚುವಲ್ ಮಷಿನ್‌ನ ಗೆರೆಯೂ ಹೋಸ್ಟಿನ ಗೆರೆಯೂ ಒಂದೇ ನಿಮಿಷಕ್ಕೆ ಎದ್ದವು, ಎರಡಕ್ಕೆ ಸರಿಯಾಗಿ ಒಟ್ಟಿಗೆ ಇಳಿದವು. ನನಗಾದ ಖುಷಿ ಇಷ್ಟಷ್ಟಲ್ಲ. ಹಿಂದಿನ ಎರಡು ವಾರದ ಲಾಟುಗಳು ಇನ್ನೂ ಕೋಲ್ಡ್ ಸ್ಟೋರೇಜಿನಲ್ಲೇ ಇದ್ದವು. ಅವನ್ನು ಮತ್ತೆ ಟೆಂಡರಿಗೆ ಇಡುವುದೆಂದು ಸ್ಟೋರೇಜಿನ ಮಾಲೀಕರೂ ಈರಣ್ಣನವರೂ ಒಪ್ಪಿದರು.

ಶಿವಲಿಂಗಪ್ಪ ನಸ್ರೀನ್ ಹತ್ತಿರ ಹೋಗಿ, "ತಪ್ಪಾತವ್ವ, ಮನಸಿಗೆ ಹಚ್ಕೋಬ್ಯಾಡ. ಸೋಮವಾರದಿಂದ ಕೆಲಸಕ್ಕ ಬಾ" ಎಂದರು. ಅವಳು ಮೊಬೈಲ್ ತೆಗೆದು ಮನೆಗೆ ಹಚ್ಚಿದಳು. "ಅಬ್ಬಾ" ಎಂದಷ್ಟೇ ಹೇಳಿ, ಫೋನನ್ನು ಅವರ ಕೈಗಿಟ್ಟಳು. "ನಮ್ಮ ಅಬ್ಬಾಗ ನೀವ ಹೇಳ್ರಿ. ನಾ ಹೇಳಿದ್ರ ಮಗಳು ಹೇಳ್ತಾಳ ಅಂತಾರ ಊರಾಗ."

ಆ ಹಿರಿಯ ಮನುಷ್ಯ ಫೋನನ್ನು ಕಿವಿಗೆ ಹಿಡಿದು ಹಾಲಿನ ನಡುವೆ ಬಂದರು. ಆಮೇಲೆ ಎಲ್ಲರಿಗೂ ಕೇಳುವಂತೆ, "ನಮಸ್ಕಾರ್ರಿ. ಬ್ಯಾಡಗಿಯಿಂದ ಶಿವಲಿಂಗಪ್ಪ ಮಾತಾಡ್ತೇನಿ. ನಿಮ್ಮ ಮಗಳದು ಏನೂ ತಪ್ಪಿಲ್ರಿ. ತಪ್ಪು ನಂದು. ನಾಳೆ ನಾನ ಗುತ್ತಲಕ್ಕ ಬಂದು ನಿಮ್ಮ ಅಂಗಡ್ಯಾಗ ಕುಂತು ಹೇಳ್ತೇನಿ" ಎಂದರು. ಮರುದಿನ ಹೋದರು ಕೂಡ. ಅಂಗಡಿ ತೆರೆದಿತ್ತಂತೆ.

ಈಗ ಹೊಸದಾಗಿ ಕೆಲಸಕ್ಕೆ ಸೇರುವವರಿಗೆ ನಾನು ಹೇಳುವುದು ಇಷ್ಟೇ. ಗ್ರಾಫ್ ಸುಳ್ಳು ಹೇಳುವುದಿಲ್ಲ, ಆದರೆ ಅರ್ಧ ಹೇಳಿ ಸುಮ್ಮನಾಗುತ್ತದೆ. ಉಳಿದರ್ಧ ಹೋಸ್ಟಿನಲ್ಲಿರುತ್ತದೆ. ಒಂದೇ ಗೆರೆ ನೋಡಿ ಮಷಿನ್ ಕೆಟ್ಟಿದೆ ಎಂದರೆ ಹೆಚ್ಚೆಂದರೆ ಒಂದು ರೀಸ್ಟಾರ್ಟ್ ವ್ಯರ್ಥವಾದೀತು. ಒಂದೇ ಗೆರೆ ನೋಡಿ ಮನುಷ್ಯರು ಕೆಟ್ಟವರು ಎಂದರೆ ಎಲ್ಲೋ ಒಂದು ಅಂಗಡಿಯ ಬಾಗಿಲು ಮುಚ್ಚುತ್ತದೆ.