ವರ್ನಾಳ ಮೂಗು

ನೆಬ್ರಾಸ್ಕಾದ ಮರಳುದಿಣ್ಣೆಗಳ ಸೀಮೆಯಲ್ಲಿ ವರ್ನಾ ಹೊಲೂಬಳ ಮೂಗಿನ ಬಗ್ಗೆ ಕೇಳದವರು ಕಡಿಮೆ. ಹುಲ್ಲುಗಾವಲಿನಲ್ಲಿ ಹೊಸ ಬಿಲವೊಂದು ಕಂಡರೆ ಸುತ್ತಲಿನ ದನ ಸಾಕುವ ರ‍್ಯಾಂಚುಗಳವರು ಮೊದಲು ಕರೆಯುತ್ತಿದ್ದುದು ಅವಳನ್ನು. ಅವಳು ಟೋಪಿ ತೆಗೆದು, ಮಂಡಿಯೂರಿ, ಬಿಲದ ಬಾಯಿಗೆ ಮುಖವಿಟ್ಟು ಒಂದು ಉಸಿರು ಎಳೆದುಕೊಂಡು ಹೇಳುತ್ತಿದ್ದಳು: ಬ್ಯಾಜರ್ ಇದೆ, ರಕೂನ್ ಇದೆ, ಖಾಲಿ ಇದೆ. ಆಮೇಲೆಯೇ ಅವಳ ಪುಟ್ಟ ಟೆರಿಯರ್ ನಾಯಿ, ಅವಳು ಸಲಿಕೆಯಿಂದ ಅಗೆದು ತೆಗೆಯುವವರೆಗೆ ಪ್ರಾಣಿಯನ್ನು ತಡೆದು ಹಿಡಿಯಲು, ಒಳಗೆ ಇಳಿಯುತ್ತಿತ್ತು.

ಸ್ಕಂಕ್ ಇದೆ ಅನ್ನಿಸಿದರೆ ಮಾತ್ರ ಏನೂ ಹೇಳದೆ ನಾಯಿಯನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದುಬಿಡುತ್ತಿದ್ದಳು. ಆ ಬಿಳಿಪಟ್ಟೆಯ ಪ್ರಾಣಿ ಬಯಲಿನಲ್ಲಿ ಬಾಲವೆತ್ತಿ ತನ್ನ ನಾತದ ನೀರನ್ನು ನಾಯಿಯ ಮೇಲೆ ಚಿಮ್ಮಿಸಿದರೆ ಊರೆಲ್ಲ ನಗುತ್ತದೆ. ಗಾಳಿಯಾಡದ ಬಿಲದೊಳಗೆ ಚಿಮ್ಮಿಸಿದರೆ ನಾಯಿ ಹೊರಗೆ ಬರುವುದಿಲ್ಲ.

ಆ ಮೂಗು ಈಗ ಅವಳ ಬಳಿ ಇರಲಿಲ್ಲ. ಹಿಂದಿನ ವರ್ಷದ ಚಳಿಗಾಲದಲ್ಲಿ ಬಂದ ಜ್ವರ ಬಿಟ್ಟುಹೋಗುವಾಗ ಅದನ್ನೂ ಒಯ್ದಿತ್ತು. ಕಾಫಿ ಬರೀ ಬಿಸಿನೀರಾಯಿತು. ಒಲೆಯ ಮೇಲೆ ಮಾಂಸ ಸೀದು ಅಡುಗೆಮನೆಯ ತುಂಬ ಹೊಗೆ ಕವಿದ ದಿನ ಅದು ಅವಳ ಕಣ್ಣಿಗೆ ಕಂಡಿತೇ ಹೊರತು ಮೂಗಿಗೆ ತಿಳಿಯಲಿಲ್ಲ. ವರ್ನಾ ಕಿಟಕಿ ತೆರೆದು, ಬಾಣಲೆ ಉಜ್ಜಿಟ್ಟು, ಯಾರಿಗೂ ಹೇಳದೆ ಸುಮ್ಮನಾದಳು.

ಹೇಳುವುದಾದರೂ ಹೇಗೆ? ಗಂಡ ಮಿಲೋ ಸತ್ತ ಮೇಲೂ ರ‍್ಯಾಂಚಿನ ಯಜಮಾನ ಎಲ್ಡನ್ ಪೆಡರ್‌ಸನ್ ಅವಳನ್ನು ಹಳ್ಳದ ಪಕ್ಕದ ಸಣ್ಣ ಮನೆಯಲ್ಲಿ ಇರಗೊಟ್ಟಿದ್ದ. ಕರು ಹಾಕಿಸುವ ಕಾಲದಲ್ಲಿ ಅವಳ ಕೈ ಬೇಕಿತ್ತು, ವರ್ಷವಿಡೀ ಅವಳ ನಾಯಿ ಬೇಕಿತ್ತು. ಉದ್ದ ಉಗುರಿನ ಆ ಬ್ಯಾಜರ್ ಪ್ರಾಣಿ ತೋಡಿದ ಬಿಲದಲ್ಲಿ ಕುದುರೆಯ ಕಾಲು ಸಿಕ್ಕಿಕೊಂಡರೆ ಆ ಕುದುರೆಗೆ ಆಮೇಲೆ ಗುಂಡೊಂದೇ ಗತಿ. ಮೂಗಿಲ್ಲದ ವರ್ನಾ ಎಂದರೆ ಮಂಡಿ ನೋಯುವ ಒಬ್ಬ ಮುದುಕಿ, ಅಷ್ಟೆ ಎಂದು ಅವಳೇ ತೀರ್ಮಾನಿಸಿಕೊಂಡಿದ್ದಳು. ಹಾಗಾಗಿ ಮೊದಲಿನಂತೆಯೇ ಬಗ್ಗಿ ಮೂಗನ್ನು ಬಿಲಕ್ಕೆ ಒಡ್ಡುವಳು. ಓದುತ್ತಿದ್ದುದು ಕಣ್ಣು: ಮರಳಿನ ಮೇಲಿನ ಉಗುರಿನ ಗೆರೆ, ಹಿಕ್ಕೆ, ನೊಣ. ಇದುವರೆಗೆ ಒಮ್ಮೆಯೂ ತಪ್ಪಿರಲಿಲ್ಲ.

ಏಪ್ರಿಲ್‌ನ ಆ ಮಧ್ಯಾಹ್ನ ಎಲ್ಡನ್ ತೋರಿಸಿದ ಬಿಲದ ಬಾಯಲ್ಲಿ ಓದುವುದಕ್ಕೆ ಏನೂ ಇರಲಿಲ್ಲ. ರಾತ್ರಿಯೆಲ್ಲ ಬೀಸಿದ ಗಾಳಿ ಮರಳನ್ನು ಹಾಸಿಗೆಯಂತೆ ನೀವಿ ಇಟ್ಟಿತ್ತು.

"ನಿನ್ನೆ ನನ್ನ ಹೆಣ್ಣುಕುದುರೆ ಇಲ್ಲೇ ಮುಗ್ಗರಿಸಿದ್ದು. ಕಾಲು ಉಳೀತು, ಪುಣ್ಯ," ಎಂದ ಎಲ್ಡನ್. "ಏನಿದೆ ನೋಡು ಒಳಗೆ. ಆ ಮೂಗಿಗೆ ವಿಮೆ ಮಾಡಿಸಿದೀಯ ತಾನೆ?"

"ನಿನ್ನ ನಾಲಿಗೆಗೆ ಮೊದಲು ಮಾಡಿಸು," ಎನ್ನುತ್ತ ವರ್ನಾ ಬಗ್ಗಿದಳು.

ಉಸಿರು ಎಳೆದುಕೊಂಡಳು. ತಣ್ಣಗಿನ ಗಾಳಿ, ಅಷ್ಟೇ. ಪಕ್ಕದಲ್ಲಿ ಮಿಂಟಿ ನಡುಗುತ್ತ ನಿಂತಿತ್ತು. ಕಂದು ಕಿವಿಯ ಬಿಳಿ ನಾಯಿ, ಎರಡು ಅಂಗೈ ಸುತ್ತಿದರೆ ಹಿಡಿದುಬಿಡುವಷ್ಟು ಎದೆ. ರಾತ್ರಿ ಅವಳ ಹೊದಿಕೆಯೊಳಗೆ ಮಂಡಿಗೆ ಆತು ಮಲಗುವ ಜೀವ. ಬಿಲದಲ್ಲಿ ಏನೋ ಇದೆ ಎಂದು ಮಿಂಟಿಯ ನಡುಕ ಹೇಳುತ್ತಿತ್ತು. ಏನು ಎಂದು ಹೇಳುತ್ತಿರಲಿಲ್ಲ. ಬಾಯಿ ಇಷ್ಟು ಅಗಲವಿದ್ದರೆ ಬ್ಯಾಜರ್ ತೋಡಿದ್ದೇ ಇರಬೇಕು.

"ಬ್ಯಾಜರ್," ಎಂದಳು ವರ್ನಾ.

ಮಿಂಟಿಯ ಕೊರಳಿಗೆ ಸಂಕೇತ ಕಳಿಸುವ ಪಟ್ಟಿ ಬಿಗಿದು ಕೈ ಬಿಟ್ಟಳು. ಬಿಳಿ ಬಾಲ ಒಳಗೆ ಮಾಯವಾಯಿತು. ಎಲ್ಡನ್ ಇಳಿಜಾರಿನ ಕೆಳಗೆ ಬೇಲಿಯ ತಂತಿ ಬಿಗಿಯಲು ಹೋದ. ವರ್ನಾ ನೆಲಕ್ಕೆ ಕಿವಿಯಿಟ್ಟಳು. ಮಿಂಟಿಯ ಬೊಗಳು ಒಂದೇ ಹದದಲ್ಲಿ ಬರುತ್ತಿತ್ತು. ಮಣ್ಣಿನೊಳಗಿಂದ ಬರುವ ಆ ಸದ್ದು ಯಾರೋ ದೂರದ ಮನೆಯ ಬಾಗಿಲು ತಟ್ಟಿದಂತೆ. ಆಮೇಲೆ ಒಂದು ಸಣ್ಣ ಕುಂಯ್ ಕೇಳಿಸಿತು. ಆಮೇಲೆ ಏನೂ ಇಲ್ಲ.

ಮಿಂಟಿ ಅದನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿರಬೇಕು. ಬ್ಯಾಜರಿನ ಎದುರು ನಾಯಿ ಸುಮ್ಮನಾಯಿತೆಂದರೆ ಅದೇ ಅರ್ಥ. ಆಗ ಹೆಸರು ಹಿಡಿದು ಕರೆಯಬಾರದು. ಕರೆದರೆ ನಾಯಿ ತಿರುಗುತ್ತದೆ, ತಿರುಗಿದ ನಾಯಿಯ ಬೆನ್ನು ಬ್ಯಾಜರಿನ ಬಾಯಿಗೆ ಸಿಗುತ್ತದೆ. ಇದು ಮಿಲೋ ಕಲಿಸಿದ ಪಾಠ. ವರ್ನಾ ಕರೆಯಲಿಲ್ಲ. ಬಿಲದ ಪಕ್ಕದಲ್ಲೇ ಸಲಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಕಾದು ಕೂತಳು.

ಬೇಲಿಯ ಕಡೆಯಿಂದ ಎಲ್ಡನ್ ಓಡಿ ಬರುತ್ತಿದ್ದ. ಆ ದೇಹಕ್ಕೆ ಓಟ ಒಗ್ಗಿದ್ದಲ್ಲ. ಕೊರಳ ವಸ್ತ್ರವನ್ನು ಮೂಗಿನ ಮೇಲೆ ಒತ್ತಿಹಿಡಿದಿದ್ದ.

"ವರ್ನಾ, ಬೇಲಿವರೆಗೂ ನಾತ ಹೊಡೀತಿದೆ. ಸ್ಕಂಕ್. ನೀನೇನು ಇಲ್ಲೇ ಆರಾಮಾಗಿ ಕೂತಿದೀಯಲ್ಲ?"

ಅವಳು ಅವನ ಮುಖ ನೋಡಿದಳು. ಅವನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಆಗಷ್ಟೇ ತನ್ನ ಕಣ್ಣೂ ಉರಿಯುತ್ತಿದೆ ಎಂಬುದು ಅವಳ ಗಮನಕ್ಕೆ ಬಂತು. ಅದನ್ನು ಇಷ್ಟು ಹೊತ್ತು ಗಾಳಿಯ ಮರಳು ಎಂದುಕೊಂಡಿದ್ದಳು.

"ನನಗೆ ವಾಸನೆ ಬರಲ್ಲ ಎಲ್ಡನ್."

"ಏನಂದೆ?"

"ಏನೂ ಬರಲ್ಲ. ಅಗೆ ಮೊದಲು."

ಮಿಂಟಿಯ ಕೊರಳಪಟ್ಟಿಯ ಸಂಕೇತ ಹಿಡಿಯುವ ಸಣ್ಣ ಪೆಟ್ಟಿಗೆಯನ್ನು ತೆಗೆದು ನೆಲದ ಮೇಲೆ ಆಡಿಸಿದಳು. ದಿಣ್ಣೆಯ ನೆತ್ತಿಯ ಹತ್ತಿರ ಅದು ಟಿಕ್ ಟಿಕ್ ಎಂದಿತು. ಇಬ್ಬರೂ ಅಗೆಯತೊಡಗಿದರು. ಆ ಸೀಮೆಯ ಮರಳು ಅಗೆದಷ್ಟೂ ಅಂಚಿನಿಂದ ಜಾರಿ ಮತ್ತೆ ಗುಂಡಿಗೇ ಬೀಳುತ್ತದೆ. ಮೊಣಕಾಲಾಳದಲ್ಲಿ ಒಂದು ಮಗ್ಗುಲು ಕುಸಿದು ಮಾಡಿದ ಕೆಲಸವೆಲ್ಲ ಮುಚ್ಚಿಹೋಯಿತು.

"ಹೀಗೇ ಆದ್ರೆ ನಾವೇ ಅದನ್ನ ಹೂತುಹಾಕ್ತೀವಿ," ಎಂದ ಎಲ್ಡನ್.

"ಪಿಕಪ್ಪಲ್ಲಿ ದನಗಳಿಗೆ ಕಾಕಂಬಿ ಇಡೋ ಪ್ಲಾಸ್ಟಿಕ್ ಟಬ್ ಇದೆಯಲ್ಲ, ಖಾಲಿದು. ತಳ ಕೊಯ್ದು ತಾ."

ಅವನು ಚಾಕುವಿನಿಂದ ತಳ ಸೀಳಿ ತಂದ. ಬಾವಿಗೆ ಸಿಮೆಂಟಿನ ಬಳೆ ಇಳಿಸುವಂತೆ ಟಬ್ಬನ್ನು ಗುಂಡಿಗೆ ಇಳಿಸಿ, ಒಳಗಿನ ಮರಳನ್ನು ಕೈಯಿಂದ ತೋಡಿ ಎಸೆಯುತ್ತ, ತುಳಿದು ತುಳಿದು ಕೆಳಗಿಳಿಸಿದರು. ಕಡೆಗೆ ತಳದಲ್ಲಿ ಒಂದು ಕಪ್ಪು ಬಾಯಿ ತೆರೆದುಕೊಂಡಿತು. ಎಲ್ಡನ್ ತಲೆ ಬಗ್ಗಿಸಿದವನು ಹಿಂದಕ್ಕೆ ಸರಿದು ಹುಲ್ಲಿನ ಮೇಲೆ ವಾಂತಿ ಮಾಡಿಕೊಂಡ.

"ಆಗಲ್ಲ ನನ್ನ ಕೈಲಿ."

"ನನ್ನ ಬೆಲ್ಟ್ ಹಿಡ್ಕೋ."

ವರ್ನಾ ತಲೆ ಕೆಳಗಾಗಿ ಟಬ್ಬಿನೊಳಗೆ ಇಳಿದಳು. ಕಣ್ಣು ಬಿಡಲಾಗಲಿಲ್ಲ, ಗಂಟಲು ಸುಟ್ಟಿತು. ಕೈ ಚಾಚಿದಳು. ಮರಳು, ಬೇರು, ಮರಳು, ಆಮೇಲೆ ಒಂದು ಹಿಂಗಾಲು. ಅದು ಒದೆಯಲಿಲ್ಲ. ಅವಳು ಎಳೆದಳು, ಎಲ್ಡನ್ ಅವಳನ್ನು ಎಳೆದ.

ಮಿಂಟಿ ಒದ್ದೆ ಬಟ್ಟೆಯಂತೆ ಅವಳ ತೊಡೆಯ ಮೇಲೆ ಬಿದ್ದಿತು. ನಾಲಿಗೆ ನೀಲಿಗಟ್ಟಿತ್ತು. ವರ್ನಾ ಅದರ ಬಾಯಿಯನ್ನು ಮುಷ್ಟಿಯಲ್ಲಿ ಮುಚ್ಚಿ, ಮೂತಿಯನ್ನು ತನ್ನ ಬಾಯೊಳಗೆ ತೆಗೆದುಕೊಂಡು ಊದಿದಳು. ಪಕ್ಕೆ ಏರಿತು, ಇಳಿಯಿತು. ಮತ್ತೆ ಊದಿದಳು. ಎಲ್ಡನ್ ದೂರ ನಿಂತು ನೀರಿನ ಕ್ಯಾನ್ ಹಿಡಿದಿದ್ದ, ಸುರಿಯುವುದನ್ನು ಮರೆತಿದ್ದ. ಊದುತ್ತ ಊದುತ್ತ ಅವಳಿಗೆ ಲೆಕ್ಕ ತಪ್ಪಿತು. ಒಮ್ಮೆ ಬಾಯಿ ತೆಗೆದಾಗ ಪಕ್ಕೆ ತಾನಾಗಿ ಏರಿತು.

"ಕಣ್ಣಿಗೆ ನೀರು ಹಾಕು," ಎಂದಳು.

ಪಟ್ಟಣದ ದಾರಿಯಲ್ಲಿ ಪಿಕಪ್ಪಿನ ಕಿಟಕಿಗಳೆಲ್ಲ ತೆರೆದಿದ್ದವು. ಮಿಂಟಿಯ ಎದೆಯ ಮೇಲಿಟ್ಟ ಕೈಯನ್ನು ವರ್ನಾ ತೆಗೆಯಲಿಲ್ಲ.

"ಯಾವಾಗ್ನಿಂದ?" ಎಂದ ಎಲ್ಡನ್.

"ಆ ಜ್ವರದಿಂದ."

"ಹಾಗಾದ್ರೆ ಕ್ರಿಸ್‌ಮಸ್ಸಿಗೆ ನನ್ನ ಹೆಂಡತಿ ಮಾಡಿದ ಪೈ ಘಮಘಮ ಅಂತಿದೆ ಅಂದದ್ದು?"

"ಸುಳ್ಳು."

"ಅವಳಿಗೆ ಹೇಳ್ಬೇಡ." ಸ್ವಲ್ಪ ದೂರ ಸಾಗಿದ ಮೇಲೆ ಮತ್ತೆ ಅಂದ, "ನನಗೆ ಹೇಳ್ಬಹುದಿತ್ತು ನೀನು."

"ಹೇಳಿದ್ದಿದ್ರೆ ಇವತ್ತು ಮಿಂಟಿ ಒಳಗೆ ಹೋಗ್ತಿರ್ಲಿಲ್ಲ," ಎಂದಳು ವರ್ನಾ.

ಪಶುವೈದ್ಯೆ ಆಮ್ಲಜನಕ ಕೊಟ್ಟಳು, ಕಣ್ಣಿಗೆ ಔಷಧಿ ಹಾಕಿದಳು. ಆ ವಿಷ ರಕ್ತವನ್ನು ನಿಧಾನವಾಗಿ ಕೆಡಿಸುತ್ತದೆ, ಒಸಡಿನ ಮೇಲೆ ಕಣ್ಣಿಡು ಎಂದಳು. ಬಿಳಿಚಿದರೆ, ಉಚ್ಚೆ ಕೆಂಪಾದರೆ ತಕ್ಷಣ ಇಲ್ಲಿಗೆ ತಾ ಎಂದೂ ಹೇಳಿದಳು.

ಮರುದಿನ ಒಸಡು ಬಿಳಿಚಿತು. ವರ್ನಾ ಮತ್ತೆ ಪಟ್ಟಣಕ್ಕೆ ಒಯ್ದಳು. ಅಲ್ಲಿದ್ದ ದೊಡ್ಡ ನಾಯಿಯೊಂದರ ರಕ್ತವನ್ನು ಮಿಂಟಿಗೆ ಏರಿಸಿದರು. ಆ ವಾರ ಅವಳು ಹಾಸಿಗೆಯ ಮೇಲೆ ಮಲಗಲಿಲ್ಲ. ನೆಲದ ಮೇಲೆ ಮಿಂಟಿಯ ಪಕ್ಕ ಒರಗಿ, ಬೆಳಕು ಹರಿದ ಕೂಡಲೇ ಅದರ ತುಟಿಯನ್ನು ಹೆಬ್ಬೆರಳಿನಿಂದ ಮೇಲೆತ್ತುತ್ತಿದ್ದಳು. ಸುಣ್ಣದ ಬಣ್ಣ. ಮತ್ತೂ ಸುಣ್ಣದ ಬಣ್ಣ. ಒಂದು ಬೆಳಿಗ್ಗೆ, ಕಿಟಕಿಯ ಬಳಿ ಒಯ್ದು ಮತ್ತೆ ನೋಡಬೇಕಾಗುವಷ್ಟು ತೆಳುವಾದ ಗುಲಾಬಿ. ಮಿಂಟಿ ತುಟಿ ಬಿಡಿಸಿಕೊಂಡು ಅವಳ ಹೆಬ್ಬೆರಳು ಕಚ್ಚಿತು.

ಮಿಂಟಿಯ ಒಂದು ಕಣ್ಣಿಗೆ ಮಂಜು ಕವಿದದ್ದು ಹೋಗಲೇ ಇಲ್ಲ.

ಹುಲ್ಲು ಕೊಯ್ಯುವ ಮುಂಚೆ ಎಲ್ಡನ್ ಮತ್ತೊಂದು ಬಿಲ ಕಂಡು ಅವಳನ್ನು ಕರೆದೊಯ್ದ. ವರ್ನಾ ಟೋಪಿ ತೆಗೆಯಲಿಲ್ಲ.

"ಏನಿದೆ ಒಳಗೆ?" ಎಂದ ಅವನು, ಬಾಯಿಗೆ ರೂಢಿಯಾದ ಮಾತು.

"ಗೊತ್ತಿಲ್ಲ. ನೀನು ಬಗ್ಗು."

ಅವನು ಏದುಸಿರು ಬಿಡುತ್ತ ಮಂಡಿಯೂರಿದ, ಮುಖವನ್ನು ಬಿಲಕ್ಕೆ ಹಿಡಿದ.

"ಮಣ್ಣು. ಆಮೇಲೆ, ಏನೋ ಹಸಿ ತುಪ್ಪಳದ ಥರ."

"ಕಟುವಾಗಿದೆಯಾ? ಬೆಳ್ಳುಳ್ಳಿ ಕರಕಲಾದ ಹಾಗೆ?"

"ಇರಬಹುದು. ಇಲ್ಲ ಅನ್ಸತ್ತೆ. ನನಗೇನು ಗೊತ್ತು ವರ್ನಾ, ನಾನು ದನ ಕಾಯೋನು."

ಮಿಂಟಿ ಹಗ್ಗ ಜಗ್ಗುತ್ತಿತ್ತು, ಮೈಯೆಲ್ಲ ನಡುಕ. ವರ್ನಾ ಹಗ್ಗವನ್ನು ಕೈಗೆ ಒಂದು ಸುತ್ತು ಹೆಚ್ಚಾಗಿ ಸುತ್ತಿಕೊಂಡಳು.

"ಬೋನು ಇಡೋಣ," ಎಂದಳು.