ಬಸವಣ್ಣನ ಮಾರಿಗೆ ಹಚ್ಚದ ಔಷಧ

ಧಾರವಾಡದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ ಒಂದು ದಿನ ನೆರಡಿ ರೋಗದ, ಅಂದರೆ ಆಂಥ್ರಾಕ್ಸಿನ, ಪಾಠ ಬಂತು. ದನಗಳನ್ನು ಕೊಲ್ಲುವ ಆ ರೋಗದ ಸೂಕ್ಷ್ಮಜೀವಿ ಗಾಳಿ ಸೋಕಿದರೆ ಗಟ್ಟಿ ಕವಚದ ಬೀಜಾಣು ಕಟ್ಟಿಕೊಳ್ಳುತ್ತದೆ, ಕಟ್ಟಿಕೊಂಡ ಮೇಲೆ ವರ್ಷಗಟ್ಟಲೆ ಮಣ್ಣಿನಲ್ಲಿ ಬದುಕಿರುತ್ತದೆ. ಪ್ರಯೋಗಶಾಲೆಯಲ್ಲಿ ಅದನ್ನು ಬೆಳೆಸುವ ಮಾಂಸದ ಸಾರಿನಲ್ಲಿ ಚೂರು ಕಾರ್ಬಾಲಿಕ್ ಎಂಬ ಕ್ರಿಮಿನಾಶಕ ಬೆರೆಸಿದರೆ ಮಾತ್ರ ಬೀಜಾಣು ಕಟ್ಟುವುದೇ ಇಲ್ಲ ಎಂದರು ಮಾಸ್ತರರು. ಎಲ್ಲರೂ ಬರೆದುಕೊಂಡರು. ನನ್ನ ಕೈ ಓಡಲಿಲ್ಲ. ಆ ಕಾರ್ಬಾಲಿಕ್‌ನ ಬಾಟಲಿಯೊಂದು ಒಮ್ಮೆ ನಮ್ಮ ಮನೆಯಲ್ಲೇ ಇತ್ತು.

ಬೆಂಗೇರಿಯಲ್ಲಿ ದೊಡ್ಡಪ್ಪನದು ಹತ್ತಿ ವ್ಯಾಪಾರ. ಅಪ್ಪ ತೀರಿದ ಮೇಲೆ ಅವ್ವನೂ ನಾನೂ ಅವರ ಮನೆಯಲ್ಲೇ ಇದ್ದೆವು. ನಾನು ಕಾಲೇಜು ಸೇರುವ ಮೊದಲಿನ ಒಂದು ಬೇಸಿಗೆಯಲ್ಲಿ, ಬೆಳಿಗ್ಗೆ ಮೇವು ತಿಂದ ಗಾಡಿ ಎತ್ತು ಮಧ್ಯಾಹ್ನಕ್ಕೆ ಸತ್ತು ಬಿದ್ದಿತ್ತು. ಮೂಗಿನಿಂದ ಕಪ್ಪು ರಕ್ತ ಸೋರುತ್ತಲೇ ಇತ್ತು. ದನದ ಡಾಕ್ಟರು ಬಂದು ನೋಡಿ, ನೆರಡಿ ಎಂದು ಹೇಳಿ, ಕಾರ್ಬಾಲಿಕ್ ಬಾಟಲಿಯೊಂದನ್ನು ಕಟ್ಟೆಯ ಮೇಲಿಟ್ಟರು.

“ಸಾವ್ಕಾರ್ರ, ಇದರಾಗ ಅರಿವಿ ತೋಯಿಸಿ ಮೂಗು, ಬಾಯಿ ಬಿಗಿಯಾಗಿ ಮುಚ್ಚಸ್ರಿ. ಮೈ ತೊಳೀಬ್ಯಾಡ್ರಿ, ಮುಟ್ಟಬ್ಯಾಡ್ರಿ. ಸುಣ್ಣಾ ಹಾಕಿ ಆಳಕ್ಕ ಹುಗಿಸ್ರಿ.”

ಡಾಕ್ಟರು ಇರುವ ತನಕ ದೊಡ್ಡಪ್ಪ ತಲೆಯಾಡಿಸಿದರು. ಅವರು ಓಣಿ ದಾಟಿದ್ದೇ ತಡ, ಬೂಚು ತೆಗೆದು ಮೂಸಿ ಮುಖ ಸಿಂಡರಿಸಿದರು.

“ಪಾಯಖಾನಿಗೆ ಹಾಕೂ ಎಣ್ಣಿ ಇದು. ಇದನ್ನ ಬಸವಣ್ಣನ ಮಾರಿಗೆ ಹಚ್ಚೂದೇನು? ಎತ್ತಿಗೆ ಜಳಕಾ ಮಾಡಿಸಿ, ವಿಭೂತಿ ಹಚ್ಚಿ ಮಣ್ಣು ಕೊಡೂದು ನಮ್ಮ ಮನಿ ಪದ್ಧತಿ.”

ಜಳಕ ಮಾಡಿಸುವುದು ಮನೆಯ ಹೆಂಗಸರ ಪಾಲು. ದೊಡ್ಡವ್ವನಿಗೆ ಸೊಂಟನೋವು ಬಂತು. ಬರುವುದಕ್ಕೆ ಅದೂ ಒಳ್ಳೆಯ ದಿನ ನೋಡಿಯೇ ಬಂತು. ಉಳಿದವಳು ಅವ್ವ. ಡಾಕ್ಟರ ಮಾತನ್ನು ಅವಳು ಬಾಗಿಲ ಮರೆಯಲ್ಲಿ ಕೇಳಿಸಿಕೊಂಡಿದ್ದಳು. ಆದರೆ ಭಾವನೆದುರು ಬಾಯಿ ತೆರೆಯುವ ರೂಢಿ ನಮ್ಮಲ್ಲಿರಲಿಲ್ಲ, ಅನ್ನ ಹಾಕುವ ಭಾವನೆದುರು ಅಂತೂ ಕೇಳಲೇಬೇಡಿ. ರೊಟ್ಟಿ ಬೇಯಿಸುವಾಗ ಹಂಚು ತಾಗಿದ ಗಾಯ ಮುಂಗೈ ಮೇಲೆ ಇನ್ನೂ ಹಸಿಯಾಗಿತ್ತು. ಅದೇ ಕೈಯಿಂದ ಎತ್ತಿನ ಮೂಗು ತೊಳೆದಳು.

ಗಾಯ ಬಾತು, ನಡುವೆ ಇದ್ದಿಲಿನಂತೆ ಕಪ್ಪಾಯಿತು. ಜ್ವರ ಏರಿತು. ದವಾಖಾನೆಗೆ ಒಯ್ಯೋಣವೆಂದು ನಾನು ಅತ್ತರೆ, “ಬಸವಣ್ಣನ ಸೇವಾ ಮಾಡಿದಾಕಿಗೆ ಏನೂ ಆಗೂದಿಲ್ಲ” ಅಂದರು ದೊಡ್ಡಪ್ಪ. ಆಗಬಾರದ್ದು ಆಯಿತು, ಅವ್ವ ಹೋದಳು. ಆ ಮನುಷ್ಯನ ಮೇಲಿನ ನನ್ನ ಸಿಟ್ಟು ಇಂದಿಗೂ ಆರಿಲ್ಲ, ಆರುವುದು ನನಗೆ ಬೇಕಾಗಿಯೂ ಇಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಅನ್ನುತ್ತಾರಲ್ಲ, ದೊಡ್ಡಪ್ಪನಿಗೂ ಹಾಗೆಯೇ ಬುದ್ಧಿ ಬಂತು. ಅವ್ವನಿಗೆ ಕಡೆಯ ಜಳಕ ಮಾಡಿಸಲು ಓಣಿಯ ಹೆಂಗಸರು ನೀರು ಕಾಯಿಸಿಕೊಂಡು ಬಂದಾಗ ದೊಡ್ಡಪ್ಪ ಬಾಗಿಲಿಗೆ ಅಡ್ಡ ನಿಂತರು. ಕೈಯಲ್ಲಿ ಅದೇ ಬಾಟಲಿ ಇತ್ತು. ಹೊಸ್ತಿಲಾಚೆಯಿಂದಲೇ ಅವ್ವನ ಮೇಲೆ ಅದನ್ನು ಪೂರ್ತಿ ಸುರಿದರು.

“ಮೈ ತೊಳೀಬ್ಯಾಡ್ರಿ, ಮುಟ್ಟಬ್ಯಾಡ್ರಿ,” ಅಂದರು. “ಡಾಕ್ಟರು ಹೇಳ್ಯಾರ.”