ಕೇಳಿದೆ ಎಂದು ಸಹಿ ಹಾಕಿದವರು

ಬೇರೆ ಬೇರೆ ದೇಶಗಳಲ್ಲಿ ಕುಳಿತು ಸರಕು ಮಾರುವವರಿಗೂ ಕೊಳ್ಳುವವರಿಗೂ ಒಂದೇ ಕಾನೂನು ಇರಲಿ ಎಂಬ ಆಶಯದಿಂದ ಹುಟ್ಟಿದ ಮಾರಾಟ ಕರಾರಿನ ಒಡಂಬಡಿಕೆಗೆ ನಮ್ಮ ದೇಶ ಸೇರಿದ ಕಥೆಯನ್ನು ಯಾರಾದರೂ ಪ್ರಾಮಾಣಿಕವಾಗಿ ಬರೆದರೆ, ಅದರ ಮೊದಲ ಪುಟದಲ್ಲಿ ನಿಲ್ಲಬೇಕಾದವರು ನಮ್ಮ ಅಲ್ಪವಿರಾಮ ಸಾಹೇಬರು. ನ್ಯಾಯ ಇಲಾಖೆಯ ಒಪ್ಪಂದ ವಿಭಾಗದಲ್ಲಿ ಇಪ್ಪತ್ತಮೂರು ವರ್ಷ, ನೆಲಮಾಳಿಗೆಯ ದಾಖಲೆ ಕೋಣೆಯಲ್ಲಿ ಹನ್ನೊಂದು ವರ್ಷ ಸೇವೆ ಸಲ್ಲಿಸಿ ಈ ತಿಂಗಳ ಕೊನೆಗೆ ಅವರು ನಿವೃತ್ತರಾಗುತ್ತಿದ್ದಾರೆ. ಇಂದು ಅದೇ ವಿಭಾಗದ ಮುಖ್ಯಸ್ಥೆಯಾಗಿರುವ ನಾನು ಅವರ ಕೈಕೆಳಗೆ ಏಳು ವರ್ಷ ಕೆಲಸ ಕಲಿತವಳು. ಹೀಗಾಗಿ ಅಭಿನಂದನ ಸಮಿತಿಯವರು ಈ ಲೇಖನವನ್ನು ನನ್ನಿಂದಲೇ ಬರೆಸಬೇಕೆಂದುಕೊಂಡದ್ದು ಸಹಜ. ಹೊಗಳಿಕೆಯ ನಾಲ್ಕು ಪುಟ ಸಾಕು ಎಂದು ಅವರು ಹೇಳಿದ್ದರು. ಹೊಗಳಿಕೆ ಇದೆ, ಅದರ ಜೊತೆಗೆ ಅವರು ಕೇಳದೇ ಇದ್ದದ್ದೂ ಒಂದಿದೆ.

ಮೊದಲು ಆ ಅಡ್ಡಹೆಸರಿನ ಮಾತು. ವಿಭಾಗದಿಂದ ಹೊರಗೆ ಹೋಗುವ ಯಾವ ಕಾಗದವನ್ನೂ ಸಾಹೇಬರು ಒಬ್ಬರ ಕಣ್ಣಿಗಷ್ಟೇ ಒಪ್ಪಿಸುತ್ತಿರಲಿಲ್ಲ. ಒಬ್ಬರು ಅಚ್ಚಾದ ಪ್ರತಿಯನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಒಪ್ಪಿತವಾದ ಕರಡಿನ ಮೇಲೆ ಬೆರಳಿಟ್ಟು ಕೇಳಬೇಕು. ಪದಗಳನ್ನಷ್ಟೇ ಅಲ್ಲ, "ಅಲ್ಪವಿರಾಮ", "ಪೂರ್ಣವಿರಾಮ", "ಹೊಸ ಸಾಲು" ಎಂದು ಚಿಹ್ನೆಗಳನ್ನೂ ಉಚ್ಚರಿಸಬೇಕು. ಹಾಳೆ ಎಣಿಸುವ ಹೊಣೆ ಓದುವವರದು. ಮುಗಿದ ಮೇಲೆ ಕೊನೆಯ ಹಾಳೆಯ ಹಿಂದೆ ಓದಿದವರು "ಓದಿದೆ" ಎಂದೂ ಕೇಳಿದವರು "ಕೇಳಿದೆ" ಎಂದೂ ಬರೆದು ಸಹಿ ಮಾಡಬೇಕು. ಪಕ್ಕದ ವಿಭಾಗದವರು ಬಾಗಿಲಲ್ಲಿ ನಿಂತು ನಗುತ್ತಿದ್ದರು. "ಏನ್ರೀ, ಮಗ್ಗಿ ಬಾಯಿಪಾಠಾನಾ?" ಎಂದು ನಮ್ಮ ವಿಭಾಗದ ಟೈಪಿಸ್ಟಮ್ಮನನ್ನು ಕೆಣಕುತ್ತಿದ್ದರು. ಸಾಹೇಬರಿಗೆ ಆ ನಗು ತಟ್ಟುತ್ತಲೇ ಇರಲಿಲ್ಲ.

ನಾನು ಸೇರಿದಾಗ ಒಡಂಬಡಿಕೆಯ ಕೆಲಸ ಆಗಲೇ ಹತ್ತು ವರ್ಷ ಹಳೆಯದಾಗಿತ್ತು. ಒಂದು ದೇಶ ಇಂಥದ್ದಕ್ಕೆ ಸೇರುವುದೆಂದರೆ ಮಂತ್ರಿ ಒಂದು ಸಹಿ ಹಾಕಿಬಿಡುವುದು ಎಂದು ನಾನು ತಿಳಿದಿದ್ದೆ. ಅಷ್ಟೇ ಅಲ್ಲವೆಂದು ಬೇಗ ತಿಳಿಯಿತು. ಮೂಲವನ್ನು ನಮ್ಮ ಭಾಷೆಗೆ ತರಬೇಕು, ಹಳೆಯ ಮಾರಾಟ ಕಾನೂನಿನ ಯಾವ ಕಲಮು ಎಲ್ಲಿ ಡಿಕ್ಕಿ ಹೊಡೆಯುತ್ತದೆಂದು ನೋಡಬೇಕು, ವ್ಯಾಪಾರಿಗಳ ಸಂಶಯ ನಿವಾರಿಸಬೇಕು, ಶಾಸನಸಭೆಯ ಒಪ್ಪಿಗೆ ಪಡೆಯಬೇಕು. ಕೊನೆಗೆ ಮೊಹರು ಒತ್ತಿದ ಸೇರ್ಪಡೆ ಪತ್ರವನ್ನು ಎಲ್ಲ ದೇಶಗಳ ಪತ್ರಗಳನ್ನು ಕಾಯುವ ದೂರದ ಕಚೇರಿಗೆ ಒಪ್ಪಿಸಿ, ಅದು ಜಾರಿಗೆ ಬರಲು ಒಂದು ವರ್ಷದ ಮೇಲೆ ಕಾಯಬೇಕು. ಈ ದಾರಿಯ ಪ್ರತಿ ಮೆಟ್ಟಿಲನ್ನೂ ಸಾಹೇಬರು ಕಾಲ್ನಡಿಗೆಯಲ್ಲೇ ಹತ್ತಿದರು. ಅಂಗಿ ಗುಂಡಿ ತಯಾರಿಸುವ ಒಬ್ಬ ಹಿರಿಯ ವ್ಯಾಪಾರಿ, ದೋಷವಿದ್ದರೆ ಕೊಳ್ಳುವವನು ಎರಡು ವರ್ಷದವರೆಗೂ ದೂರಬಹುದು ಎಂಬ ನಿಯಮ ಕೇಳಿ ಮೇಜು ಗುದ್ದಿದ್ದರು. "ಎರಡು ವರ್ಷ ಆದ್ಮೇಲೆ ಗುಂಡಿ ಕಿತ್ತು ಬಂದ್ರೆ ಅದು ದರ್ಜಿ ತಪ್ಪು ಸಾರ್, ನಮ್ದಲ್ಲ!" ಸಾಹೇಬರು ನಗಲಿಲ್ಲ. ಅವರ ಕಾರ್ಖಾನೆಗೆ ಮೂರು ಸಲ ಹೋಗಿ, ಕರಾರಿನಲ್ಲಿ ಆ ಅವಧಿಯನ್ನು ಇಬ್ಬರೂ ಒಪ್ಪಿ ಬದಲಾಯಿಸಿಕೊಳ್ಳಬಹುದೆಂದು ಬಿಡಿಸಿ ಹೇಳಿ ಬಂದರು.

ಸಾಹೇಬರ ಮನೆಯವರು ಭೂಗೋಳದ ಟೀಚರು. ಊಟದ ಮನೆಯ ಗೋಡೆಗೆ ಒಂದು ದೊಡ್ಡ ಭೂಪಟ ಅಂಟಿಸಿದ್ದರು. ಒಡಂಬಡಿಕೆಗೆ ಯಾವ ಷರತ್ತೂ ಇಲ್ಲದೆ ಸೇರಿದ ದೇಶಕ್ಕೆ ಪೂರ್ತಿ ಹಸಿರು ಬಣ್ಣ, ಯಾವುದಾದರೂ ಭಾಗ ನಮಗೆ ಬೇಡ ಎಂದು ಘೋಷಿಸಿ ಸೇರಿದ ದೇಶಕ್ಕೆ ಹಸಿರು ಗೆರೆಗಳು. ಯಾರು ಹೇಗೆ ಸೇರಿದರು, ಯಾರು ಏನನ್ನು ಬಿಟ್ಟು ಸೇರಿದರು ಎಂಬುದನ್ನು ನಾನು ಕಲಿತದ್ದು ಕಡತಗಳಿಂದ ಅಲ್ಲ, ಆ ಗೋಡೆಯಿಂದ. "ನಮ್ಮವ್ರಿಗೆ ಸಂಸಾರ ನಾನಲ್ಲಮ್ಮ, ಇದು" ಎಂದು ಟೀಚರು ಪೆನ್ಸಿಲಿನಿಂದ ಭೂಪಟ ತೋರಿಸಿ ಹೇಳುತ್ತಿದ್ದರು, ಮತ್ತು ನನ್ನ ತಟ್ಟೆಗೆ ಇನ್ನೊಂದು ಸೌಟು ಬಡಿಸುತ್ತಿದ್ದರು.

ನಮ್ಮ ದೇಶಕ್ಕೆ ಗೆರೆಗಳೇ ಬೀಳಬೇಕಿತ್ತು. ಕಾರಣ ಇಷ್ಟು: ಮಾರುವವರ ದೇಶ, ಕೊಳ್ಳುವವರ ದೇಶ ಎರಡೂ ಸದಸ್ಯರಾಗಿದ್ದರೆ ಒಡಂಬಡಿಕೆ ಅನ್ವಯಿಸುತ್ತದೆ. ಆದರೆ ಅದಕ್ಕೊಂದು ಹಿತ್ತಲ ಬಾಗಿಲೂ ಇದೆ. ಎದುರಿನವರ ದೇಶ ಒಡಂಬಡಿಕೆಗೆ ಸೇರಿರದಿದ್ದರೂ, ವ್ಯಾಜ್ಯಕ್ಕೆ ನಮ್ಮ ದೇಶದ ಕಾನೂನೇ ಸಲ್ಲುತ್ತದೆಂದು ನ್ಯಾಯಾಲಯ ಹೇಳಿದರೆ, ನಮ್ಮ ಹಳೆಯ ಮಾರಾಟ ಕಾನೂನಿನ ಬದಲು ಒಡಂಬಡಿಕೆ ಒಳಗೆ ಬಂದುಬಿಡುತ್ತದೆ. ವ್ಯಾಪಾರಿಗಳಿಗೆ ಈ ಬಾಗಿಲು ಬೇಡವಾಗಿತ್ತು. ಅದನ್ನು ಮುಚ್ಚುವುದಾಗಿ ಮಂತ್ರಿಗಳು ಸಭೆಯಲ್ಲಿ ಮಾತು ಕೊಟ್ಟಿದ್ದರು. ಮುಚ್ಚಲು ಒಂದು ಹಾಳೆಯ ಘೋಷಣೆ ಸಾಕು, ಆದರೆ ಅದನ್ನು ಸೇರ್ಪಡೆ ಪತ್ರದ ಜೊತೆಗೇ ಕೊಡಬೇಕು. ಮಾರನೆಯ ದಿನ ನೆನಪಾದರೆ ಬಾಗಿಲು ತೆರೆದೇ ಇರುತ್ತದೆ. ಟೀಚರು ಆ ವಾರವೇ ನಮ್ಮ ದೇಶದ ಮೇಲೆ ಗೆರೆ ಎಳೆದು ಮುಗಿಸಿದ್ದರು.

ಪತ್ರ ಹೊರಡುವ ದಿನ ಅದನ್ನು ಒಯ್ಯುವ ಸರಕಾರಿ ಅಂಚೆಚೀಲವನ್ನು ನಾಲ್ಕು ಗಂಟೆಗೆ ಮುಚ್ಚುವುದಿತ್ತು. ನಾನು ಓದುವವಳು, ಸಾಹೇಬರು ಕೇಳುವವರು. ಘೋಷಣೆಯ ಹಾಳೆಯ ಮೇಲೆ ಮೊಹರಿನ ಶಾಯಿ ಇನ್ನೂ ಹಸಿಯಾಗಿತ್ತು. ಹರಡದಿರಲಿ ಎಂದು ಹೀರುಕಾಗದದ ಜೊತೆ ಅದನ್ನು ಮೇಜಿನ ಮೇಲಿದ್ದ ಸಾಹೇಬರ ದಪ್ಪ ನಿಘಂಟಿನೊಳಗೆ ಇಟ್ಟೆ. ಒಂಬತ್ತು ಹಾಳೆ ಓದುವುದು ಬಾಕಿ ಇದ್ದಾಗ ನನ್ನ ಅಕ್ಕನ ಫೋನು ಬಂತು. ಆಸ್ಪತ್ರೆಯಲ್ಲಿದ್ದ ಅಪ್ಪನ ಉಸಿರು ಏರುಪೇರಾಗಿತ್ತು. ಆ ವರ್ಷದ ರಜೆಗಳೆಲ್ಲ ಮುಗಿದಿದ್ದವು, ಬಡ್ತಿಯ ಪಟ್ಟಿ ಮೇಲಿನವರ ಮೇಜಿನ ಮೇಲಿತ್ತು. ಬೇರೆಯವರನ್ನು ಕೂರಿಸಿ ಮೊದಲಿನಿಂದ ಓದಿಸಬೇಕಾದರೆ ನಾನು ನಡುವೆ ಎದ್ದು ಹೋದೆನೆಂದು ದಾಖಲಿಸಬೇಕಿತ್ತು. ಸಾಹೇಬರು ನನ್ನ ಮುಖ ನೋಡಿದರು.

"ಹೋಗಮ್ಮ. 'ಓದಿದೆ' ಅಂತ ಬರೆದು ಹೋಗು."

"ಇನ್ನೂ ಒಂಬತ್ತು ಹಾಳೆ ಇದೆ ಸರ್."

"ಹಾಳೆ ಎಲ್ಲಿಗೂ ಓಡಿ ಹೋಗಲ್ಲ. ಅಪ್ಪ ಹೋಗ್ತಾರೆ. ನಾನು 'ಕೇಳಿದೆ' ಅಂತೀನಿ, ಹೋಗು."

ನಾನು ಬರೆದೆ, ಓಡಿದೆ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ಕೇಳದ್ದನ್ನು ಕೇಳಿದೆ ಎಂದು ಅವರು ಬರೆದದ್ದು ಆ ಒಂದೇ ಸಲ. ಅದು ನನಗಾಗಿ. ಅಪ್ಪನ ಕೈ ಹಿಡಿದು ಮೂರು ದಿನ ಕೂರುವುದು ನನಗೆ ಸಾಧ್ಯವಾದದ್ದು ಆ ಸಹಿಯಿಂದ.

ಅಪ್ಪನ ಕ್ರಿಯಾಕರ್ಮ ಮುಗಿಸಿ, ಎರಡು ವಾರ ಸಂಬಳವಿಲ್ಲದ ರಜೆಯಲ್ಲಿದ್ದು ಕಚೇರಿಗೆ ಮರಳಿದ ದಿನ ಯಾವುದೋ ಪದ ನೋಡಲು ನಿಘಂಟು ತೆರೆದೆ. ಹಾಳೆ ಅಲ್ಲೇ ಇತ್ತು. ಮೊಹರು ಚೆನ್ನಾಗಿ ಒಣಗಿತ್ತು.

ಆ ಕ್ಷಣವೇ ಪಕ್ಕದ ಕೋಣೆಯಲ್ಲಿದ್ದ ಸಾಹೇಬರ ಬಳಿಗೆ ನಡೆದು ಹೋಗಿದ್ದರೆ, ದೂರದ ಕಚೇರಿ ನಮ್ಮ ಸೇರ್ಪಡೆಯನ್ನು ಉಳಿದ ದೇಶಗಳಿಗೆ ತಿಳಿಸುವ ಮೊದಲು ಏನಾದರೂ ಮಾಡಬಹುದಿತ್ತೇನೋ. ಮಾಡಲಾಗುತ್ತಿರಲಿಲ್ಲವೇನೋ. ನನಗೆ ತಿಳಿಯದು, ಏಕೆಂದರೆ ನಾನು ನಿಘಂಟನ್ನು ಮುಚ್ಚಿದೆ. ಹಾಳೆಯನ್ನು ಮುಟ್ಟುವ ಧೈರ್ಯವೂ ಆಗಲಿಲ್ಲ. ಆರು ವಾರಗಳ ನಂತರ ಪ್ರಕಟಣೆ ಬಂತು. ನಮ್ಮ ದೇಶದ ಮುಂದೆ "ಘೋಷಣೆಗಳು: ಇಲ್ಲ" ಎಂದು ಅಚ್ಚಾಗಿತ್ತು. ಮಂತ್ರಿಗಳು ಸಭೆಯಲ್ಲಿ ತಲೆ ತಗ್ಗಿಸಬೇಕಾಯಿತು, ಮೂವರ ವಿಚಾರಣಾ ಮಂಡಳಿ ಕುಳಿತಿತು.

ಮಂಡಳಿಯ ಹಿರಿಯರು ಸಾಹೇಬರನ್ನು ಕೇಳಿದರು, "ಈ ಹಾಳೆ ಓದಿದಾಗ ಇತ್ತೋ, ಇರ್ಲಿಲ್ವೋ?"

"ಕೇಳಿದೆ ಅಂತ ಬರೆದವನು ನಾನು. ಕಿವಿ ನಂದು, ತಪ್ಪೂ ನಂದೇ" ಎಂದರು ಸಾಹೇಬರು.

ಆಮೇಲೆ ಮಂಡಳಿಯ ಹಿರಿಯರು ನನ್ನತ್ತ ತಿರುಗಿದರು. "ನೀವು ಓದಿದ್ರಾ?"

ಸಾಹೇಬರು ಒಮ್ಮೆ ನನ್ನನ್ನು ನೋಡಿದರು. ನಾನು ನನ್ನ ಪೆನ್ನಿನ ಮುಚ್ಚಳ ನೋಡುತ್ತಿದ್ದೆ. "ಓದಿದೆ" ಎಂದೆ.

ಅವರನ್ನು ದಾಖಲೆ ಕೋಣೆಗೆ ಹಾಕಿದರು. ಸಹಿ ಇದೆಯೆಂಬ ಕಾರಣಕ್ಕೆ ನನಗೆ ಎಚ್ಚರಿಕೆಯ ಒಂದು ಸಾಲು. ಮುಂದಿನ ವರ್ಷ ಬಡ್ತಿ. ಪುಸ್ತಕಗಳನ್ನೆಲ್ಲ ಕಟ್ಟಿಕೊಂಡು ಕೆಳಗಿಳಿದ ಸಾಹೇಬರು ತಮ್ಮ ಸ್ವಂತದ್ದಾದ ಆ ನಿಘಂಟನ್ನು ಮಾತ್ರ ನನ್ನ ಮೇಜಿನ ಮೇಲೆ ಬಿಟ್ಟು ಹೋದರು. ಶಿಷ್ಯೆಗೆ ಕೊಟ್ಟ ಉಡುಗೊರೆ ಎಂದುಕೊಂಡು ನಾನು ಅತ್ತೆ, ಹಾಳೆಯನ್ನು ಮನೆಗೆ ಒಯ್ದು ಸೀರೆಗಳ ಅಡಿಯಲ್ಲಿಟ್ಟೆ.

ಕಿಟಕಿ ಇಲ್ಲದ ಆ ಕೋಣೆಯಲ್ಲಿ ಅವರು ಸುಮ್ಮನೆ ಕೂರಲಿಲ್ಲ. ನಾಲ್ಕು ತಲೆಮಾರಿನ ಒಪ್ಪಂದಗಳಿಗೆ ಸೂಚಿ ಮಾಡಿದರು. ಇಂದು ಯಾವ ಕಿರಿಯ ವಕೀಲರಿಗೂ ಯಾವ ಕಾಗದವೂ ಐದು ನಿಮಿಷದಲ್ಲಿ ಸಿಗುವುದು ಅವರ ಕೃಪೆಯಿಂದ. ಮೂರು ವರ್ಷದ ಹಿಂದೆ ನಮ್ಮಂಥದ್ದೇ ಘೋಷಣೆ ಮಾಡಿದ್ದ ಕೆಲವು ದೇಶಗಳು ಅದರಿಂದ ಗೊಂದಲವೇ ಹೆಚ್ಚೆಂದು ಹಿಂತೆಗೆದುಕೊಂಡಾಗ, ನಮ್ಮ ಇಲಾಖೆ ಒಂದು ಅಂದವಾದ ಪುಸ್ತಿಕೆ ಹೊರತಂದು, ಷರತ್ತಿಲ್ಲದೆ ಸೇರಿದ ನಮ್ಮ ದೂರದೃಷ್ಟಿಯನ್ನು ಕೊಂಡಾಡಿಕೊಂಡಿತು. ಅದರ ಮುನ್ನುಡಿಗೆ ಸಹಿ ಮಾಡಿದವಳು ನಾನು. ನೆಲಮಾಳಿಗೆಯಲ್ಲಿದ್ದವರ ಸೇವಾ ಪುಸ್ತಕದ ಕಪ್ಪು ಸಾಲನ್ನು ಅಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ.

ಟೀಚರು ತೀರಿಕೊಂಡು ನಾಲ್ಕು ವರ್ಷವಾಯಿತು. ಹಾಸಿಗೆ ಹಿಡಿದಿದ್ದಾಗ ನೋಡಲು ಹೋಗಿದ್ದೆ. "ನಮ್ಮವ್ರು ಅಷ್ಟು ದೊಡ್ಡ ತಪ್ಪು ಹೇಗೆ ಮಾಡಿದ್ರಮ್ಮ? ತರಕಾರಿ ಚೀಟೀನೂ ಎರಡು ಸಲ ಓದೋ ಮನುಷ್ಯ" ಎಂದು ಅವರು ನನ್ನನ್ನು ಕೇಳಿದರು. ನಾನು ಅವರ ಹೊದಿಕೆ ಸರಿಮಾಡಿದೆ.

ಈ ಲೇಖನವನ್ನು ಇಲ್ಲಿಯವರೆಗೆ ಬರೆದುಕೊಂಡು, ಆ ಹಾಳೆಯನ್ನೂ ತೆಗೆದುಕೊಂಡು, ಕಳೆದ ಭಾನುವಾರ ಸಾಹೇಬರ ಮನೆಗೆ ಹೋದೆ. ಮುಂದಿನದು ಆಮೇಲೆ ಸೇರಿಸಿದ್ದು.

ಊಟದ ಮನೆಯಲ್ಲಿ ಕುಳಿತೆವು. ಗೋಡೆಯ ಭೂಪಟದಲ್ಲಿ ನಮ್ಮ ದೇಶ ಇನ್ನೂ ಗೆರೆಗಳಲ್ಲೇ ಇದೆ. ಹಾಳೆಯನ್ನು ಅವರ ಮುಂದಿಟ್ಟೆ. ಅವರು ಕನ್ನಡಕ ಹಾಕಿಕೊಳ್ಳಲಿಲ್ಲ.

"ನಿಘಂಟಲ್ಲಿತ್ತಲ್ವಾ?" ಎಂದರು.

ನಾನು ತಲೆಯೆತ್ತಿ ಅವರ ಮುಖ ನೋಡಿದೆ.

"ಪುಸ್ತಕ ಕಟ್ಟುವಾಗ ನೋಡಿದೆ. ವಾಪಸ್ ಇಟ್ಟು ನಿನ್ನ ಮೇಜಿನ ಮೇಲೆ ಬಿಟ್ಟೆ. ನೀನೇ ತರ್ತೀಯ ಅಂದ್ಕೊಂಡೆ."

"ಹನ್ನೊಂದು ವರ್ಷ ಸರ್."

"ಹೌದು. ಬಹಳ ತಡ ಮಾಡಿದೆ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಕ್ಷಮೆಯೂ ಇರಲಿಲ್ಲ. "ನಮ್ಮವಳಿಗಾದ್ರೂ ಹೇಳ್ಬೇಕು ಅಂತ ಎಷ್ಟೋ ಸಲ ಬಾಯಿ ತುದಿಗೆ ಬಂತು. ಹೇಳಿದ್ರೆ ನಿನ್ನ ಮನೆಗೆ ಬಂದು ಜುಟ್ಟು ಹಿಡೀತಿದ್ಲು. ಅದಕ್ಕೆ ಹೇಳ್ಲಿಲ್ಲ. ನಾನು ತಪ್ಪು ಮಾಡ್ದೆ ಅಂತಾನೇ ತಿಳ್ಕೊಂಡು ಹೋದ್ಲು."

ನಾನು ಅತ್ತೆ. ಅವರು ಸಮಾಧಾನ ಹೇಳಲಿಲ್ಲ. ನಾನು ಅಳುವುದು ಮುಗಿಯುವವರೆಗೆ ಕಾದರು. ಲೇಖನವನ್ನು ಸಮಿತಿಗೆ ಕೊಡುವ ಮೊದಲು ನಿಮ್ಮ ಒಪ್ಪಿಗೆ ಬೇಕು, ಇದರ ಒಂದು ಪ್ರತಿ ಮೇಲಧಿಕಾರಿಗಳಿಗೂ ಹೋಗುತ್ತದೆ ಎಂದೆ. ನನ್ನ ಹುದ್ದೆಗೆ ಏನಾಗಬಹುದೆಂದು ಇಬ್ಬರಿಗೂ ಗೊತ್ತಿತ್ತು. ಅವರು ಕೈಬರಹದ ಕರಡನ್ನು ತಮ್ಮತ್ತ ಎಳೆದುಕೊಂಡು ಮೊದಲ ಸಾಲಿನ ಮೇಲೆ ಬೆರಳಿಟ್ಟರು.

"ಓದು."

ಅಚ್ಚು ಮಾಡಿದ ಪ್ರತಿ ಹಿಡಿದು ಓದಿದೆ. ವಿಚಾರಣೆಯ ಭಾಗ ಬಂದಾಗ ಬೇಗ ದಾಟಿಬಿಡಬೇಕೆಂದು ಓಡಿಸಿದೆ. ಅವರ ಬೆರಳು ನಿಂತಿತು. "ಅಲ್ಪವಿರಾಮ ಬಿಟ್ಟೆ. ಮೊದಲಿಂದ" ಎಂದರು. ಮೊದಲಿನಿಂದ ಓದಿದೆ. ಪ್ರತಿ ಅಲ್ಪವಿರಾಮ, ಪ್ರತಿ ಪೂರ್ಣವಿರಾಮ, ಪ್ರತಿ ಹೊಸ ಸಾಲು. ಟೀಚರ ಹೊದಿಕೆಯ ಮಾತು ಬಂದಾಗಲೂ ಅವರ ಬೆರಳು ಸಾಲು ಬಿಡಲಿಲ್ಲ. ಹಾಳೆಗಳನ್ನು ಎಣಿಸಿ ಎಲ್ಲ ಇವೆ ಎಂದೆ.

ಇಷ್ಟು ವರ್ಷ ಇನ್ನೊಬ್ಬರ ಭಾರ ಹೊತ್ತ ಹಿರಿಯರಿಗೆ ಇನ್ನು ಬಹುಕಾಲ ಹಗುರವಾದ ದಿನಗಳು ದೊರೆಯಲಿ. ಆರೋಗ್ಯ ಗಟ್ಟಿಯಾಗಿರಲಿ, ಅರ್ಧಕ್ಕೆ ನಿಂತಿರುವ ಅವರ ಸೂಚಿಯ ಕೊನೆಯ ಸಂಪುಟ ಪೂರ್ಣಗೊಳ್ಳಲಿ. ಅದರ ಕರಡು ತಿದ್ದುವಾಗ ಓದುವವರು ಬೇಕಾದರೆ ನಾನಿದ್ದೇನೆ, ಯಾವ ಹುದ್ದೆಯಲ್ಲಿದ್ದರೂ, ಇಲ್ಲದಿದ್ದರೂ.

ಸಂಪಾದಕರಲ್ಲಿ ಒಂದು ವಿನಂತಿ. ಆ ಭಾನುವಾರ ಓದಿದ ಪ್ರತಿಯ ಕೊನೆಯ ಹಾಳೆಯ ಹಿಂಬದಿಯನ್ನೂ ದಯವಿಟ್ಟು ಅಚ್ಚು ಮಾಡಬೇಕು. ಅಲ್ಲಿ ನನ್ನ ಸಹಿಯ ಮೇಲೆ "ಓದಿದೆ" ಎಂದಿದೆ. ಅದರ ಕೆಳಗೆ, ನಿಧಾನವಾಗಿ ಬರೆದ ಅಕ್ಷರಗಳಲ್ಲಿ, "ಕೇಳಿದೆ" ಎಂದಿದೆ. ಈ ಸಲ ಅದು ನಿಜ.